ಒಂದು ಮೊಣಕೈಯ ಲೆಕ್ಕಾಚಾರ

2024ರ ಏಪ್ರಿಲ್‌ನಲ್ಲಿ ಪಾಲ್ ಸ್ಕೀನ್ಸ್‌ಗೆ 21 ವರ್ಷ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಇಂಡಿಯಾನಾಪೊಲಿಸ್‌ನ ಮೈನರ್ ಲೀಗ್ (ಮೇಜರ್ ಲೀಗ್‌ಗಿಂತ ಕೆಳಗಿನ ಹಂತ) ತಂಡದ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವರು. ಚೆಂಡು ಗಂಟೆಗೆ 160 ಕಿ.ಮೀ. ವೇಗದಲ್ಲಿ ಹೋಗುತ್ತಿತ್ತು, ಬ್ಯಾಟರ್‌ಗಳು ಸುಮ್ನೆ ಗಾಳಿಗೆ ಬೀಸುತ್ತಿದ್ದರು. ಆದರೂ ಮೂರ್ನಾಲ್ಕು ಇನಿಂಗ್ಸ್ ಮುಗಿಯುವಷ್ಟರಲ್ಲಿ ತಂಡ ಅವರನ್ನು ವಾಪಸ್ ಕರೆಯುತ್ತಿತ್ತು. ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನಿಂಗ್ಸ್ ಇರುತ್ತವೆ. ಅವರು 7 ಪಂದ್ಯಗಳಲ್ಲಿ ಎಸೆದದ್ದು 27 ಚಿಲ್ಲರೆ ಇನಿಂಗ್ಸ್, ತೆಗೆದ ಸ್ಟ್ರೈಕ್‌ಔಟ್ (ಚೆಂಡು ಹೊಡೆಯಲಾಗದೆ ಬ್ಯಾಟರ್ ಔಟಾಗುವುದು) 45. ಇಷ್ಟು ಚೆನ್ನಾಗಿ ಆಡುವವರನ್ನು ಕೂರಿಸುವುದು ಯಾಕೆ?

ಉತ್ತರ ಅವರ ಮೊಣಕೈಯ ಒಳಬದಿಯಲ್ಲಿದೆ.

ಪಿಚರ್ ತೋಳನ್ನು ಹಿಂದಕ್ಕೆ ಬಾಗಿಸಿ ಮುಂದಕ್ಕೆ ಚಿಮ್ಮಿಸುವಾಗ ಭುಜ ಸೆಕೆಂಡಿಗೆ ಸುಮಾರು 7,000 ಡಿಗ್ರಿ ವೇಗದಲ್ಲಿ ತಿರುಗುತ್ತದೆ. ಅದೇ ವೇಗದಲ್ಲಿ ಪೂರ್ತಿ ಒಂದು ಸೆಕೆಂಡ್ ತಿರುಗಿದ್ದರೆ ಹತ್ತೊಂಬತ್ತು ಸುತ್ತು ಆಗುತ್ತಿತ್ತು! ಮನುಷ್ಯನ ದೇಹ ಮಾಡಬಲ್ಲ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ಆ ಹೊತ್ತಿನಲ್ಲಿ ಮೊಣಕೈಯನ್ನು ಪಕ್ಕಕ್ಕೆ ತೆರೆಯಲು ಒತ್ತುವ ತಿರುಚು ಬಲ ಸುಮಾರು 64 ನ್ಯೂಟನ್-ಮೀಟರ್. ಮುಂಗೈಯನ್ನು ಅಡ್ಡ ಚಾಚಿ ಅಂಗೈಗೆ 18 ಕೆ.ಜಿ. ಮೂಟೆ ನೇತುಹಾಕಿದರೆ ಮೊಣಕೈ ಮೇಲೆ ಹೆಚ್ಚುಕಮ್ಮಿ ಇಷ್ಟೇ ಬಲ ಬೀಳುತ್ತದೆ.

ಅಲ್ಲಿ ಮೂಳೆಗಳನ್ನು ಹಿಡಿದಿಡುವುದು ಒಂದು ಪುಟ್ಟ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟುವ ಗಟ್ಟಿ ಪಟ್ಟಿ. ಮೃತದೇಹಗಳಿಂದ ಅದನ್ನು ತೆಗೆದು ಪರೀಕ್ಷಿಸಿದಾಗ ಸುಮಾರು 32ರಿಂದ 34 ನ್ಯೂಟನ್-ಮೀಟರ್‌ಗೇ ಹರಿದುಹೋಯಿತು. ಅಂದರೆ ಲೆಕ್ಕದ ಪ್ರಕಾರ ಪ್ರತಿ ಎಸೆತಕ್ಕೂ ಅದು ಹರಿಯಬೇಕು, ಅಲ್ವಾ? ಹಾಗಾಗುವುದಿಲ್ಲ. ಮುಂಗೈ ಸ್ನಾಯುಗಳು ಬಿಗಿಯಾಗಿ ಅರ್ಧ ಭಾರ ಹೊರುತ್ತವೆ, ಮೂಳೆಗಳೂ ಒಂದಕ್ಕೊಂದು ಆತು ನಿಲ್ಲುತ್ತವೆ. ಸ್ನಾಯು ದಣಿದಾಗ ಆ ಭಾರ ಹೆಚ್ಚಾಗಿ ಲಿಗಮೆಂಟ್ ಪಾಲಿಗೆ ಬರುತ್ತದೆ. ಅದಕ್ಕೇ ತಂಡಗಳು ಒಂದೊಂದು ಎಸೆತವನ್ನೂ ಎಣಿಸುವುದು. ಇನ್ನೊಂದು ಕಷ್ಟ: ಸ್ನಾಯು ಕಸರತ್ತಿಗೆ ಬೇಗ ಬಲಿಯುತ್ತದೆ, ಲಿಗಮೆಂಟ್‌ಗೆ ರಕ್ತ ಕಡಿಮೆ, ಅದು ಬಹಳ ನಿಧಾನ. ವೇಗ ಹೆಚ್ಚಿದಷ್ಟು ಬೇಗ ಅದರ ಗಟ್ಟಿತನ ಹೆಚ್ಚುವುದಿಲ್ಲ.

ನಮ್ಮ ಕ್ರಿಕೆಟ್‌ನಲ್ಲಿ ಈ ತೊಂದರೆ ಕಡಿಮೆ. ಬೌಲರ್ ಮೊಣಕೈಯನ್ನು 15 ಡಿಗ್ರಿಗಿಂತ ಜಾಸ್ತಿ ನೆಟ್ಟಗೆ ಮಾಡುವಂತಿಲ್ಲ. ಹಾಗಾಗಿ ಹೊರೆ ಬೆನ್ನಿಗೆ ಬೀಳುತ್ತದೆ. ಬೇಕಿದ್ದರೆ ಬೂಮ್ರಾ ಅವರನ್ನು ಕೇಳಿ.

1974ರವರೆಗೆ ಈ ಲಿಗಮೆಂಟ್ ಹರಿದರೆ ಪಿಚರ್ ಕಥೆ ಮುಗಿದಂತೆಯೇ. ಆ ವರ್ಷ ಲಾಸ್ ಏಂಜಲೀಸ್‌ನಲ್ಲಿ ಡಾಕ್ಟರ್ ಫ್ರಾಂಕ್ ಜೋಬ್, ಟಾಮಿ ಜಾನ್ ಎಂಬ ಪಿಚರ್‌ನ ಇನ್ನೊಂದು ಕೈಯಿಂದ ಒಂದು ಸ್ನಾಯುರಜ್ಜು ತೆಗೆದು ಮೊಣಕೈಗೆ ಕೂಡಿಸಿದರು. ಜಾನ್ 1976ರಲ್ಲಿ ಮೈದಾನಕ್ಕೆ ಮರಳಿ, ಆಮೇಲೆ 164 ಪಂದ್ಯ ಗೆದ್ದರು. ಆ ಶಸ್ತ್ರಚಿಕಿತ್ಸೆಗೆ ಇಂದಿಗೂ ಅವರದೇ ಹೆಸರು. ಆದರೆ ಚೇತರಿಸಿಕೊಳ್ಳಲು ಈಗಲೂ ವರ್ಷದ ಮೇಲೇ ಬೇಕು.

ಸ್ಕೀನ್ಸ್ ಮೊದಲು ವಾಯುಪಡೆ ಅಕಾಡೆಮಿಯಲ್ಲಿದ್ದರು. ಅಲ್ಲಿ ಎಸೆಯುವುದರ ಜೊತೆಗೆ ಕೀಪರ್‌ನಂತೆ ಹಿಂದೆ ಕೂತು ಚೆಂಡು ಹಿಡಿಯುವ ಕೆಲಸವನ್ನೂ ಮಾಡುತ್ತಿದ್ದರು. ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಗೆ ಬಂದು ಬರೀ ಪಿಚರ್ ಆದ ಮೇಲೆ, 2023ರ ಒಂದೇ ಸೀಸನ್‌ನಲ್ಲಿ 209 ಸ್ಟ್ರೈಕ್‌ಔಟ್. ಆ ಜುಲೈನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಅವರನ್ನು ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಮೊದಲ ಆಯ್ಕೆಯಾಗಿ 92 ಲಕ್ಷ ಡಾಲರ್ ಕೊಟ್ಟು ಸೇರಿಸಿಕೊಂಡಿತು. ಕಾಲೇಜಿನಲ್ಲಿ ಆ ವರ್ಷ 120ಕ್ಕೂ ಹೆಚ್ಚು ಇನಿಂಗ್ಸ್ ಎಸೆದಿದ್ದ ತೋಳಿಗೆ, ಉಳಿದ ತಿಂಗಳುಗಳಲ್ಲಿ ತಂಡ ಎಸೆಯಲು ಬಿಟ್ಟದ್ದು ಏಳಕ್ಕೂ ಕಡಿಮೆ. ಅಷ್ಟು ದುಡ್ಡು ಸುರಿದ ಮೇಲೂ ಕಾಯಲು ತಾಳ್ಮೆ ಬೇಕು ಬಿಡಿ.

2024ರ ಮೇ 11ರಂದು ಅವರು ಮೇಜರ್ ಲೀಗ್‌ಗೆ ಬಂದರು. ಎಣಿಕೆ ಅಲ್ಲಿಗೂ ಬಂತು. ಜುಲೈ 11ರಂದು ಮಿಲ್‌ವಾಕಿ ಎದುರು ಏಳು ಇನಿಂಗ್ಸ್‌ವರೆಗೆ ಒಬ್ಬ ಬ್ಯಾಟರ್‌ಗೂ ಒಂದು ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಕೊಡಲಿಲ್ಲ. ಇನ್ನೆರಡು ಇನಿಂಗ್ಸ್ ಹಾಗೇ ದಾಟಿದ್ದರೆ ದಾಖಲೆ ಪುಸ್ತಕದಲ್ಲಿ ಹೆಸರು. ಆಗ ಅವರ ಎಸೆತ 99. ಎಂಟನೇ ಇನಿಂಗ್ಸ್‌ಗೆ ಬೇರೆ ಪಿಚರ್ ಬಂದ.