ಕಲ್ಲುಪ್ಪು ಸಮುದ್ರದ್ದು, ಅದರಲ್ಲಿ ಅಯೋಡಿನ್ ಇರಲ್ವಾ?

ಪ್ರಶ್ನೆ: "ನನಗೆ ಎರಡು ವರ್ಷದಿಂದ ಥೈರಾಯ್ಡ್ ಇದೆ, ಮಾತ್ರೆ ನಡೀತಿದೆ. ಪ್ಯಾಕೆಟ್ ಉಪ್ಪಿನಿಂದಲೇ ಥೈರಾಯ್ಡ್ ಬರೋದು, ಕಲ್ಲುಪ್ಪು ಬಳಸು ಅಂತ ನಮ್ಮ ಅತ್ತೆ ಹೇಳ್ತಾರೆ. ಕಲ್ಲುಪ್ಪು ಸಮುದ್ರದ್ದು, ಅದರಲ್ಲಿ ಅಯೋಡಿನ್ ತಾನಾಗೇ ಇರುತ್ತೆ ಅಲ್ವಾ?"

ಇರುವುದಿಲ್ಲ. ಇದ್ದರೂ ಲೆಕ್ಕಕ್ಕೆ ಬಾರದಷ್ಟು.

ಇದನ್ನು ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ, ಬಸ್ಸಿನಲ್ಲಿ ಪಕ್ಕದ ಸೀಟಿನವರೂ ಕೇಳಿದ್ದಾರೆ. ಹೇಳಿ ಹೇಳಿ ಬಾಯಿ ಸೋತಿದೆ. ಈ ಸಲ ಲೆಕ್ಕವನ್ನೇ ಬಿಡಿಸಿಬಿಡೋಣ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳು ಇದನ್ನು ಬೋರ್ಡಿನ ಮೇಲೆ ಐದು ನಿಮಿಷದಲ್ಲಿ ಮಾಡಿ ತೋರಿಸುತ್ತಿದ್ದರು.

ಒಂದು ಲೀಟರ್ ಸಮುದ್ರದ ನೀರು ತಗೊಳ್ಳಿ. ಅದರಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅಯೋಡಿನ್ ಇರುವುದು ಸುಮಾರು 60 ಮೈಕ್ರೋಗ್ರಾಂ. ಒಂದು ಗ್ರಾಂ ಅಂದರೆ ಹತ್ತು ಲಕ್ಷ ಮೈಕ್ರೋಗ್ರಾಂ, ನೆನಪಿರಲಿ. ಈಗ ನೀರೆಲ್ಲ ಆರಿ, ಆ ಅಯೋಡಿನ್ ಒಂದು ಚೂರೂ ಹೋಗದೆ ಉಪ್ಪಿನಲ್ಲೇ ಉಳಿಯಿತು ಅಂತಲೇ ಇಟ್ಟುಕೊಳ್ಳೋಣ. ಹತ್ತು ಗ್ರಾಂ ಉಪ್ಪಿಗೆ ಸಿಕ್ಕಿದ್ದು ಬರೀ 17 ಮೈಕ್ರೋಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150. ಅಂದರೆ ದಿನಾ 90 ಗ್ರಾಂ ಹತ್ತಿರ ಉಪ್ಪು ತಿನ್ನಬೇಕು. ವಿಶ್ವ ಆರೋಗ್ಯ ಸಂಸ್ಥೆ 5 ಗ್ರಾಂಗಿಂತ ಕಡಿಮೆ ತಿನ್ನಿ ಅನ್ನುತ್ತಿದೆ!

ಅದೂ ಒಂದು ಚೂರೂ ಹೋಗದಿದ್ದರೆ. ನಿಜವಾಗಿ ಹೆಚ್ಚಿನದು ಹೋಗಿಯೇ ಹೋಗುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳನ್ನು ನೋಡಿದ್ದೀರಾ? ಅಘನಾಶಿನಿ ಅಳಿವೆಯ ಉಪ್ಪುನೀರನ್ನು ಮಣ್ಣಿನ ಪಾತಿಗಳಿಗೆ ಬಿಟ್ಟು ಬಿಸಿಲಿಗೆ ಆರಿಸುತ್ತಾರೆ. ಉಪ್ಪು ಹರಳುಗಟ್ಟುತ್ತದೆ, ಅದನ್ನು ಎಳೆದು ರಾಶಿ ಹಾಕುತ್ತಾರೆ. ಹರಳುಗಟ್ಟುವಾಗ ಸೋಡಿಯಂ ಮತ್ತು ಕ್ಲೋರಿನ್ ಒಂದರ ಪಕ್ಕ ಒಂದು ಒತ್ತೊತ್ತಾಗಿ ಕೂರುತ್ತವೆ. ಗಾತ್ರದಲ್ಲಿ ದೊಡ್ಡದಾದ ಅಯೋಡಿನ್‌ಗೆ ಆ ಸಾಲಿನಲ್ಲಿ ಜಾಗ ಸಿಗುವುದಿಲ್ಲ. ಅದು ಕೊನೆಗೆ ಉಳಿಯುವ ಕಹಿನೀರಿನಲ್ಲೇ ನಿಂತುಬಿಡುತ್ತದೆ. ಉಪ್ಪು ಮನೆಗೆ ಬರುತ್ತದೆ, ಅಯೋಡಿನ್ ಅಲ್ಲೇ ಉಳಿಯುತ್ತದೆ.

ಹಾಗಾದರೆ ಸಮುದ್ರದಲ್ಲಿ ಅಯೋಡಿನ್ ಇದೆ ಅನ್ನೋದು ಸುಳ್ಳಾ? ಸುಳ್ಳಲ್ಲ. ಕಡಲ ಪಾಚಿ, ಮೀನು, ಸಿಗಡಿ ಅದನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಮೀನು ತಿಂದರೆ ಸಿಗುತ್ತದೆ. ಈ ನಿಜವನ್ನು ಉಪ್ಪಿಗೂ ಅಂಟಿಸಿದ್ದೇ ತಪ್ಪು. ಗುಲಾಬಿ ಬಣ್ಣದ ಸೈಂಧವ ಲವಣದ ಕಥೆಯೂ ಇದೇ. ಆ ಬಣ್ಣ ಕಬ್ಬಿಣದ್ದು, ಅಯೋಡಿನ್‌ದಲ್ಲ.

ಇನ್ನೊಂದು ಮಾತು. ಹಿಂದೆ ಕರಾವಳಿಯ ಉಪ್ಪು ಎತ್ತುಗಳ ಮೇಲೆ ಘಟ್ಟ ಹತ್ತಿ ಮಲೆನಾಡಿಗೆ ಹೋಗುತ್ತಿತ್ತು. ಅದು ಅಪ್ಪಟ ಸಮುದ್ರದ ಉಪ್ಪೇ. ಆದರೂ ಚಿಕ್ಕಮಗಳೂರು, ಕೊಡಗಿನ ಕಡೆ ಗಳಗಂಡ, ಅಂದರೆ ಅಯೋಡಿನ್ ಕೊರತೆಯಿಂದ ಕುತ್ತಿಗೆ ಊದುವ ಕಾಯಿಲೆ, ಇದ್ದೇ ಇತ್ತು. ಮಳೆ ಜಾಸ್ತಿ ಇರುವ ಕಡೆ ಮಣ್ಣಿನ ಅಯೋಡಿನ್ ಕೊಚ್ಚಿಕೊಂಡು ಹೋಗುತ್ತದೆ. ಅಲ್ಲಿ ಬೆಳೆದದ್ದರಲ್ಲೂ ಅದು ಕಡಿಮೆ.

ನನಗೆ ತುಂಬ ಇಷ್ಟದ ಪಾಠ ಹಿಮಾಚಲದ ಕಾಂಗ್ರಾ ಕಣಿವೆಯದು. 1956ರಲ್ಲಿ ವೈದ್ಯವಿಜ್ಞಾನಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಜೊತೆಗಾರರು ಆ ಪ್ರದೇಶವನ್ನು ಮೂರು ವಲಯ ಮಾಡಿಕೊಂಡರು. ಎರಡು ಕಡೆ ಅಯೋಡಿನ್ ಬೆರೆಸಿದ ಉಪ್ಪು, ಉಳಿದದ್ದಕ್ಕೆ ಬರೀ ಉಪ್ಪು. ಕೆಲವೇ ವರ್ಷಗಳಲ್ಲಿ ಆ ಎರಡೂ ಕಡೆ ಗಳಗಂಡ ಗಣನೀಯವಾಗಿ ಇಳಿಯಿತು. ಬರೀ ಉಪ್ಪು ತಿಂದವರಲ್ಲಿ ಇಳಿಯಲಿಲ್ಲ. ಆಮೇಲೆ ಅವರಿಗೂ ಅಯೋಡಿನ್ ಉಪ್ಪು ಕೊಟ್ಟರು, ಅಲ್ಲೂ ಇಳಿಯಿತು. 1962ರಲ್ಲಿ ಶುರುವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮದ ಬೇರು ಇದೇ. ಈಗಿನ ನಿಯಮದಂತೆ ನಮ್ಮ ಕೈಗೆ ಬರುವಾಗ ಉಪ್ಪಿನಲ್ಲಿ ಹತ್ತು ಲಕ್ಷಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕು.

ಕುತ್ತಿಗೆ ಊದುವುದು ಕಣ್ಣಿಗೆ ಕಾಣುತ್ತದೆ. ನನ್ನ ಸಂಕಟ ಕಾಣದ ನಷ್ಟದ್ದು. ಬಸುರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಬೇಕು. ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನನ್ನು ನಂಬಿಕೊಂಡು. ಆಗ ತೀರಾ ಕೊರತೆಯಾದರೆ ಮಗುವಿನ ಬುದ್ಧಿ ಕುಂಠಿತವಾಗುತ್ತದೆ, ಆಮೇಲೆ ಎಷ್ಟು ಕೊಟ್ಟರೂ ಪೂರ್ತಿ ಸರಿಹೋಗುವುದಿಲ್ಲ. ಮನೆಯಲ್ಲಿ ಬಸುರಿ ಇದ್ದಾಗ ದಯವಿಟ್ಟು ಉಪ್ಪು ಬದಲಾಯಿಸುವ ಪ್ರಯೋಗ ಮಾಡಬೇಡಿ.

ಒಮ್ಮೆ ನಮ್ಮ ಬೀದಿಗೆ ಆಶಾ ಕಾರ್ಯಕರ್ತೆ ಪರೀಕ್ಷೆಯ ಕಿಟ್ ತಂದಿದ್ದರು. ಪ್ಯಾಕೆಟ್ ಉಪ್ಪಿಗೆ ಒಂದು ಹನಿ ಬಿಟ್ಟರು, ನೇರಳೆ ಬಣ್ಣಕ್ಕೆ ತಿರುಗಿತು. ಪಕ್ಕದ ಮನೆಯ ಕಲ್ಲುಪ್ಪಿಗೆ ಬಿಟ್ಟರು, ಬಿಳಿಯಾಗೇ ಉಳಿಯಿತು. ಪಕ್ಕದ ಮನೆಯ ಅಜ್ಜಿ ಎರಡನೇ ಹನಿಯನ್ನೂ ಹಾಕಿಸಿದರು. ಆಗಲೂ ಬಿಳಿಯೇ.

ಕಲ್ಲುಪ್ಪೇ ಬೇಕು ಅಂದರೆ ಅಯೋಡಿನ್ ಬೆರೆಸಿದ ಕಲ್ಲುಪ್ಪೂ ಸಿಗುತ್ತದೆ, ಪ್ಯಾಕೆಟ್ ಮೇಲೆ ಓದಿ ತನ್ನಿ. ಆದರೆ ತೊಳೆಯಬೇಡಿ. ನಮ್ಮಮ್ಮ ಕಸ ಹೋಗಲಿ ಅಂತ ಕಲ್ಲುಪ್ಪಿನ ಮೇಲೆ ನೀರು ಹೊಯ್ದು ಬಸಿಯುತ್ತಿದ್ದರು. ಅಯೋಡಿನ್ ಇರುವುದೇ ಹರಳಿನ ಮೇಲ್ಮೈಯಲ್ಲಿ, ಮೊದಲು ಹೋಗುವುದೂ ಅದೇ. ಡಬ್ಬಿಗೆ ಮುಚ್ಚಳ ಹಾಕಿ, ಒಲೆಯಿಂದ ದೂರ ಇಡಿ.

ಇನ್ನು ನಿಮ್ಮ ಅತ್ತೆಯವರ ಮಾತು. ನಮ್ಮಲ್ಲಿ ಈಗ ಥೈರಾಯ್ಡ್ ಕಡಿಮೆ ಆಗುವವರಲ್ಲಿ ಬಹಳ ಜನಕ್ಕೆ ಕಾರಣ ಹಶಿಮೊಟೊ ಕಾಯಿಲೆ. ದೇಹದ ರಕ್ಷಣಾ ಪಡೆಯೇ ಗ್ರಂಥಿಯ ಮೇಲೆ ಬೀಳುವುದು. ಅಯೋಡಿನ್ ಅತಿಯಾದರೂ ತೊಂದರೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಹಾಗಾಗಿ ಕಡಲ ಪಾಚಿಯ ಮಾತ್ರೆಗಳನ್ನು ಸುಮ್ನೆ ನುಂಗಬೇಡಿ. ಅಡುಗೆಗೆ ಹಾಕುವಷ್ಟು ಉಪ್ಪಿನಿಂದ ಆ ಭಯ ಬೇಡ. ಅಯೋಡಿನ್ ಬಿಡಬೇಕಾಗುವುದು ರೇಡಿಯೋ ಅಯೋಡಿನ್ ಚಿಕಿತ್ಸೆಯಂಥ ಸಂದರ್ಭದಲ್ಲಿ ಕೆಲವು ದಿನ, ಅದೂ ಡಾಕ್ಟರ್ ಹೇಳಿದರೆ ಮಾತ್ರ.

ನೀವು ಕೇಳದ ಒಂದು ವಿಷಯ. ಮಾತ್ರೆ ಹೇಗೆ ತಗೊಳ್ತೀರಿ? ಬೆಳಿಗ್ಗೆ ಫಿಲ್ಟರ್ ಕಾಫಿ ಜೊತೆಗೇ ಆದರೆ ಅದರಲ್ಲಿ ಒಂದಷ್ಟು ಮೈಗೆ ಹತ್ತುವುದೇ ಇಲ್ಲ. ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ, ಕಾಫಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಬಿಟ್ಟು ತಗೊಳ್ಳಿ. ಮುಂದಿನ ರಕ್ತಪರೀಕ್ಷೆಗೆ ಹೋದಾಗ ಡಾಕ್ಟರಿಗೆ ಈ ಕಾಫಿಯ ವಿಷಯವನ್ನೂ ಹೇಳಿ.