ಹೆಸರು ಮುಚ್ಚಿ ಓದಿದರೆ ಬರೆದವರು ಹೆಣ್ಣೋ ಗಂಡೋ ಗೊತ್ತಾಗುತ್ತದೆಯೇ?

ಹೆಂಗಸರು ಅಳುಕುತ್ತಾ ಬರೆಯುತ್ತಾರೆ, ಗಂಡಸರು ಖಡಾಖಂಡಿತವಾಗಿ ಬರೆಯುತ್ತಾರೆ ಎಂಬ ನಂಬಿಕೆಗೆ ಬಲ ಬಂದದ್ದು 1975ರಲ್ಲಿ ಪ್ರಕಟವಾದ, ಅಮೆರಿಕದ ಭಾಷಾವಿಜ್ಞಾನಿ ರಾಬಿನ್ ಲೇಕಾಫ್ ಅವರ ಪುಸ್ತಕದಿಂದ. ಅವರು ಗಮನಿಸಿದ್ದು ಹೆಚ್ಚಾಗಿ ಇಂಗ್ಲಿಷಿನ ಆಡುಮಾತನ್ನು. 2003ರಲ್ಲಿ ಸಂಶೋಧಕರಾದ ಅರ್ಗಮೋನ್, ಕೊಪ್ಪೆಲ್ ಮತ್ತು ಸಂಗಡಿಗರು ಬ್ರಿಟಿಷ್ ಇಂಗ್ಲಿಷಿನ ಬರಹಗಳನ್ನೇ ಎಣಿಸಿ, ಹೆಂಗಸರ ಬರಹದಲ್ಲಿ ಸರ್ವನಾಮಗಳು ಹೆಚ್ಚು ಎಂದರು. ಮೂರು ವರ್ಷಗಳ ನಂತರ ಹೆರಿಂಗ್ ಮತ್ತು ಪಾವೊಲಿಲ್ಲೊ ಇನ್ನೊಂದು ಸಂಗತಿ ತೋರಿಸಿದರು: ದಿನಚರಿಯಂಥ ಬರಹವನ್ನು ಯಾರೇ ಬರೆದರೂ ‘ಹೆಣ್ಣಿನದು’ ಎನ್ನಿಸಿಕೊಂಡ ಲಕ್ಷಣಗಳು ಅದರಲ್ಲಿ ಕಾಣುತ್ತವೆ. ಬರಹದ ಪ್ರಕಾರವನ್ನು ಗಮನಕ್ಕೆ ತಂದುಕೊಂಡರೆ ಲಿಂಗದ ವ್ಯತ್ಯಾಸ ಬಹುಮಟ್ಟಿಗೆ ಕರಗುತ್ತದೆ.

ಕೇರಳದ ಕಾಸರಗೋಡಿನ ಓದುಗರು ಕನ್ನಡ ಪತ್ರಿಕೆಗಳಿಗೆ ಬರೆಯುವ ಪತ್ರಗಳಲ್ಲಿ ಹೆಣ್ಣು-ಗಂಡಿನ ಶೈಲಿಯನ್ನು ಹೋಲಿಸಲು ಈ ಲೆಕ್ಕವನ್ನು ಹಾಗೆಯೇ ಹೇರಿದರೆ ಎಡವುತ್ತೇವೆ. ಕನ್ನಡದಲ್ಲಿ ‘ನಾನು’ ಬರೆಯದೆಯೇ ‘ಒಪ್ಪುತ್ತೇನೆ’ ಎನ್ನಬಹುದು; ಸರ್ವನಾಮ ಮಾತ್ರ ಎಣಿಸುವ ಕಂಪ್ಯೂಟರಿಗೆ ಅಲ್ಲಿ ಬರೆದವರು ಕಾಣುವುದೇ ಇಲ್ಲ. ಆದ್ದರಿಂದ ಕ್ರಿಯಾಪದದ ಕೊನೆಯನ್ನೂ ಎಣಿಸಬೇಕು. ಅದೂ ಸಾಲದು. ‘ಇದನ್ನು ಒಪ್ಪುವುದಿಲ್ಲ’ ಎಂಬಲ್ಲಿ ಸರ್ವನಾಮವೂ ಇಲ್ಲ, ಹೇಳುವವರು ಯಾರೆಂದು ತೋರಿಸುವ ಕ್ರಿಯಾಪದದ ಪ್ರತ್ಯಯವೂ (‘ಒಪ್ಪುತ್ತೇನೆ’ಯ ‘ಏನೆ’ಯಂಥದು) ಇಲ್ಲ. ಇಂಥ ವಾಕ್ಯವನ್ನು ಓದಿ, ಅರ್ಥಮಾಡಿಕೊಂಡು ಕೈಯಿಂದಲೇ ಗುರುತು ಹಾಕಬೇಕು.

‘ಬಹುದು’ ಇನ್ನೂ ತೊಡಕಿನದು. ‘ಆದೇಶ ನಾಳೆ ಬರಬಹುದು’ ಎನ್ನುವಾಗ ಅದು ಸಂದೇಹ. ‘ಸರಕಾರ ಮನಸ್ಸು ಮಾಡಿದರೆ ಈ ನೇಮಕಾತಿ ತಡೆಯಬಹುದು’ ಎನ್ನುವಾಗ ಅದು ನೇರ ಆಗ್ರಹ. ಎರಡನ್ನೂ ಒಂದೇ ಕಂಬಸಾಲಿಗೆ ಹಾಕಿದರೆ ಗಟ್ಟಿ ದನಿಯ ಪತ್ರವೂ ಅಳುಕಿನದಾಗಿ ಕಾಣುತ್ತದೆ. ಪ್ರಶ್ನೆಗಳೂ ಹಾಗೆಯೇ. ‘ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ಹಾಕಿದರೆ ಒಂದನೇ ತರಗತಿಯ ಮಗು ಸಂಶಯ ಕೇಳುವುದಾದರೂ ಯಾರಲ್ಲಿ?’ ಇದು ಉತ್ತರ ಬೇಡುವ ಪ್ರಶ್ನೆಯಲ್ಲ, ಆರೋಪ. ಇಂಥ ವಾಕ್ಯವನ್ನು ಹೆಂಗಸು ಬರೆದರೆ ವಿನಯ, ಗಂಡಸು ಬರೆದರೆ ವಾಗ್ಮಿತೆ ಎಂದು ಓದುವುದು ಓದುವವರ ಪೂರ್ವಗ್ರಹ. ಹೆಸರು ಮುಚ್ಚಿಯೇ ಗುರುತು ಹಾಕಬೇಕೆನ್ನುವುದು ಅದಕ್ಕಾಗಿ.

ಹೋಲಿಸುವಾಗ ವಿಷಯ ಒಂದೇ ಇರಲಿ. ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಪತ್ರವನ್ನು ಅಡಿಕೆ ಧಾರಣೆಯ ಪತ್ರದ ಪಕ್ಕ ಇಟ್ಟು ಲಿಂಗದ ತೀರ್ಮಾನಕ್ಕೆ ಬರಬಾರದು. ಪತ್ರಗಳ ಉದ್ದ ಬೇರೆಬೇರೆ ಇರುವುದರಿಂದ 1000 ಪದಕ್ಕೆ ಎಷ್ಟು ಎಂದು ಲೆಕ್ಕ ಹಾಕಿ. ಇಬ್ಬರು ಪ್ರತ್ಯೇಕವಾಗಿ ಗುರುತು ಹಾಕಿ, ಭಿನ್ನಾಭಿಪ್ರಾಯ ಬಂದ ವಾಕ್ಯಗಳನ್ನು ಕೂತು ಚರ್ಚಿಸಿ. ಸಾಧ್ಯವಾದರೆ ಮುದ್ರಣಕ್ಕೆ ಮೊದಲಿನ ಪ್ರತಿಯನ್ನೇ ಪಡೆಯಿರಿ. ಜಾಗ ಉಳಿಸಲು ಉಪಸಂಪಾದಕರು ‘ಅನ್ನಿಸುತ್ತದೆ’, ‘ಬಹುಶಃ’ಗಳನ್ನು ಕತ್ತರಿಸಿರಬಹುದು; ಹಾಗಾಗಿದ್ದರೆ ಅಚ್ಚಾದ ಪತ್ರದಲ್ಲಿ ಎಣಿಸಿದಾಗ ಸಿಗುವುದು ಅವರ ಕತ್ತರಿಯ ಲೆಕ್ಕ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವಿವರವನ್ನು ಬಿಡಲೇಬಾರದು: ಮನೆಮಾತು. ತುಳು, ಕೊಂಕಣಿ, ಮರಾಠಿ, ಮಲಯಾಳ, ಹವ್ಯಕ ಕನ್ನಡ, ಹೀಗೆ ಬೇರೆಬೇರೆ ಮನೆಗಳಿಂದ ಬಂದವರು ಇಲ್ಲಿ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಪತ್ರ ಬರೆಯುತ್ತಾರೆ. ಹವ್ಯಕದಲ್ಲಿ ಹೆಂಗಸಿನ ಬಗ್ಗೆಯೂ ನಪುಂಸಕ ರೂಪದಲ್ಲೇ ಹೇಳುವುದು ರೂಢಿ. ಮಲಯಾಳದ ಕ್ರಿಯಾಪದ ಲಿಂಗಕ್ಕೆ ತಕ್ಕಂತೆ ಬದಲಾಗುವುದೇ ಇಲ್ಲ. ಪತ್ರದ ಜತೆ ಮನೆಮಾತು, ವಯಸ್ಸು, ಉದ್ಯೋಗಗಳನ್ನೂ ಬರೆದಿಟ್ಟುಕೊಳ್ಳದಿದ್ದರೆ, ನಿವೃತ್ತ ಅಧ್ಯಾಪಿಕೆಯ ಅಚ್ಚುಕಟ್ಟು ವಾಕ್ಯವನ್ನು ‘ಹೆಣ್ಣಿನ ಶೈಲಿ’ ಎಂದು ದಾಖಲಿಸುತ್ತೇವೆ. ಅದು ಪಾಠ ಮಾಡಿ ಬಂದ ಶೈಲಿಯೂ ಆಗಿರಬಹುದು, ನಿವೃತ್ತ ಅಧ್ಯಾಪಕರ ಪತ್ರಗಳನ್ನೂ ಪಕ್ಕದಲ್ಲಿಟ್ಟು ನೋಡಿದರಷ್ಟೇ ಅದು ತಿಳಿಯುತ್ತದೆ.