ಟೈರಿನಡಿಯ ನೀರಿಗೆ ಸಮಯ ಬೇಕು

ಕಾರಿನ ಒಂದೊಂದು ಟೈರೂ ರಸ್ತೆಯನ್ನು ಮುಟ್ಟುವುದು ಸುಮಾರು ಒಂದು ಅಂಗೈಯಗಲದ ಜಾಗದಲ್ಲಿ ಮಾತ್ರ. ಸಾವಿರ ಕಿಲೋಗೂ ಮಿಕ್ಕಿದ ಭಾರ ನಿಲ್ಲುವುದೂ ತಿರುಗುವುದೂ ಆ ನಾಲ್ಕು ತುಣುಕುಗಳ ಹಿಡಿತದಿಂದಲೇ. ಮಳೆ ಬಿದ್ದಾಗ ನೀರು ನುಗ್ಗುವುದು ಅಲ್ಲಿಗೇ. ಅದನ್ನು ಪಕ್ಕಕ್ಕೆ ದಬ್ಬಲೆಂದು ಟೈರಿನ ಮೈಯಲ್ಲಿ ತೋಡುಗಳಿವೆ. ಆದರೆ ನೀರು ಸರಿಯಲು ಸಮಯ ಬೇಕು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಟೈರಿನ ಯಾವುದೇ ಬಿಂದು ನೆಲಕ್ಕೆ ತಾಗಿರುವುದು ಸೆಕೆಂಡಿನ ಇನ್ನೂರನೇ ಒಂದು ಭಾಗದಷ್ಟು ಹೊತ್ತು, ಅಷ್ಟೇ.

ಆ ಹೊತ್ತಿನಲ್ಲಿ ಸರಿಯಲಾಗದ ನೀರು ಟೈರಿನ ಮುಂದೆ ಬೆಣೆಯಂತೆ ಸೇರಿಕೊಳ್ಳುತ್ತದೆ. ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಕೊನೆಗೆ ಅದು ಟೈರನ್ನೇ ಎತ್ತಿ, ಕಾರು ನೀರಿನ ಪದರದ ಮೇಲೆ ಜಾರತೊಡಗುತ್ತದೆ. ಇದೇ ಹೈಡ್ರೋಪ್ಲೇನಿಂಗ್. ನೀರು ನಿಂತ ರನ್‌ವೇಗಳ ಮೇಲೆ ವಿಮಾನಗಳು ಜಾರುವುದನ್ನು 1960ರ ದಶಕದಲ್ಲಿ ಅಧ್ಯಯನ ಮಾಡಿದ ನಾಸಾ ವಿಜ್ಞಾನಿಗಳು ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಟೈರಿನ ಗಾಳಿಯ ಒತ್ತಡವನ್ನು ಚದರ ಇಂಚಿಗೆ ಇಷ್ಟು ಪೌಂಡ್ ಎನ್ನುವ ಪಿಎಸ್‌ಐ ಅಳತೆಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು ಸುಮಾರು 17ರಿಂದ ಗುಣಿಸಿದರೆ ಟೈರ್ ತೇಲತೊಡಗುವ ವೇಗ ಗಂಟೆಗೆ ಇಷ್ಟು ಕಿಲೋಮೀಟರ್ ಎಂಬ ಲೆಕ್ಕದಲ್ಲಿ ಸಿಗುತ್ತದೆ. 32 ಪಿಎಸ್‌ಐ ಇದ್ದರೆ ಅದು 95ರ ಆಸುಪಾಸು. ಗಾಳಿ 20ಕ್ಕೆ ಇಳಿದಿದ್ದರೆ 75.

ಈ ಸೂತ್ರದಲ್ಲಿ ವಾಹನದ ತೂಕಕ್ಕೆ ಜಾಗವೇ ಇಲ್ಲ ಎಂಬುದು ನನಗೆ ಅತ್ಯಂತ ಮುಖ್ಯವಾಗಿ ಕಾಣುತ್ತದೆ. ಭಾರ ಹೆಚ್ಚಿದರೆ ಟೈರು ಇನ್ನಷ್ಟು ಅಗಲವಾಗಿ ನೆಲಕ್ಕೆ ಒರಗುತ್ತದೆ. ನೆಲದ ಮೇಲಿನ ಒತ್ತಡ ಅಷ್ಟೇನೂ ಬದಲಾಗುವುದಿಲ್ಲ. ದೊಡ್ಡ ಗಾಡಿಯಲ್ಲಿ ಕುಳಿತವರ ಧೈರ್ಯಕ್ಕೆ ಇಲ್ಲಿ ಆಧಾರವಿಲ್ಲ. 95ಕ್ಕಿಂತ ಕಡಿಮೆ ಇದ್ದರೆ ಅಪಾಯವಿಲ್ಲ ಎಂದೂ ತಿಳಿಯಬಾರದು. ಟೈರ್ ಪೂರ್ತಿ ತೇಲುವ ಮೊದಲೇ ಹಿಡಿತ ಸ್ವಲ್ಪಸ್ವಲ್ಪವಾಗಿ ಕರಗುತ್ತಿರುತ್ತದೆ, ಸವೆದ ಟೈರಿನಲ್ಲಂತೂ ಬಹಳ ಬೇಗ. ಹಲವು ದೇಶಗಳ ಕಾನೂನು ಒಪ್ಪುವ ಕನಿಷ್ಠ ತೋಡಿನ ಆಳ 1.6 ಮಿ.ಮೀ.; ಜೋರು ಮಳೆಗೆ ಅದು ಸಾಲದು.

ತೇಲದಿದ್ದರೂ ಒದ್ದೆ ರಸ್ತೆ ನಿಲ್ಲುವ ದೂರವನ್ನು ಹಿಗ್ಗಿಸುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬ್ರೇಕ್ ಹಾಕಿದಾಗ, ಘರ್ಷಣಾಂಕ (ರಸ್ತೆಯ ಮೇಲೆ ಟೈರಿನ ಹಿಡಿತದ ಅಳತೆ) 0.7 ಇರುವ ಒಣ ರಸ್ತೆಯಲ್ಲಿ ಸುಮಾರು 36 ಮೀಟರಿಗೆ ನಿಲ್ಲುವ ಕಾರು, ಅದು 0.4ಕ್ಕೆ ಇಳಿದ ಒದ್ದೆ ರಸ್ತೆಯಲ್ಲಿ 63 ಮೀಟರ್ ಸಾಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಕ್ರಮಿಸಿದ 30 ಮೀಟರ್ ಬೇರೆ. ಬಹುದಿನಗಳ ಬಿಸಿಲಿನ ನಂತರ ಬೀಳುವ ಮೊದಲ ಮಳೆ ಇನ್ನೂ ಕೆಟ್ಟದ್ದು: ರಸ್ತೆಗೆ ಅಂಟಿದ್ದ ಎಣ್ಣೆ, ರಬ್ಬರಿನ ಪುಡಿ, ಧೂಳು ನೀರಿನೊಡನೆ ಕಲೆತು ಲೋಳೆಯಾಗುತ್ತವೆ. ಒಂದಷ್ಟು ಹೊತ್ತು ಸುರಿದ ಮೇಲೆ ಅದು ತೊಳೆದುಹೋಗುತ್ತದೆ.

ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರವಾದರೆ ಮುಂದಿನ ಚಕ್ರಗಳು ನೆಲ ಬಿಟ್ಟಿವೆ ಎಂದರ್ಥ. ಆಗ ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ಎತ್ತಿ, ಸ್ಟಿಯರಿಂಗನ್ನು ಕಾರು ಸಾಗುತ್ತಿರುವ ದಿಕ್ಕಿಗೇ ನೇರವಾಗಿ ಹಿಡಿಯಿರಿ. ಬ್ರೇಕನ್ನು ಗಕ್ಕನೆ ಒತ್ತಬೇಡಿ. ಗಾಬರಿಯಲ್ಲಿ ಸ್ಟಿಯರಿಂಗ್ ತಿರುಗಿಸಿಟ್ಟರೆ ತಕ್ಷಣ ಏನೂ ಆಗದು. ಟೈರಿಗೆ ಮತ್ತೆ ನೆಲ ಸಿಕ್ಕ ಕ್ಷಣ ಕಾರು ಆ ಕಡೆಗೆ ಎಗರುತ್ತದೆ. ಕಾರನ್ನು ತಾನಾಗಿಯೇ ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್ ಇದ್ದರೆ ಮಳೆ ಶುರುವಾದಾಗಲೇ ಅದನ್ನು ನಿಲ್ಲಿಸಿಬಿಡಿ. ವೇಗ ಇಳಿಸಬೇಕಾದ ಹೊತ್ತಿನಲ್ಲಿ ಅದು ವೇಗ ಕಾಯ್ದುಕೊಳ್ಳಲು ನೋಡುತ್ತಿರುತ್ತದೆ.